ಅರ್ಧ ಅಂಕದ ಕೈ

ಎರಡು ವರ್ಷದ ಹಿಂದೆ ನಾನು ಕುರ್ಚಿ ಬಿಟ್ಟೆ. ಹೀಗೆ ಹೇಳಿದರೆ ಜನ ಮೊದಲು ನನ್ನ ಕಾಲು ನೋಡುತ್ತಾರೆ, ಎದ್ದು ನಡೆದಾಡುತ್ತಿದ್ದಾಳೋ ಏನೋ ಎಂದು. ನಾನು ಬಿಟ್ಟದ್ದು ಆಟದ ಕುರ್ಚಿಯನ್ನು. ಮನೆಯ ಗಾಲಿಕುರ್ಚಿ ನನ್ನನ್ನು ಬಿಡುವುದಿಲ್ಲ, ನಾನೂ ಅದನ್ನು ಬಿಡುವುದಿಲ್ಲ. ಇಷ್ಟು ವರ್ಷದ ಸಂಸಾರ ನಮ್ಮದು.

ಗಾಲಿಕುರ್ಚಿ ರಗ್ಬಿ ಆಡುತ್ತಿದ್ದೆ ಎಂದರೆ ಬನಹಟ್ಟಿಯ ನಮ್ಮ ಓಣಿಯಲ್ಲಿ ಈಗಲೂ ಅರ್ಧ ಜನಕ್ಕೆ ಅರ್ಥವಾಗುವುದಿಲ್ಲ. ಉಳಿದರ್ಧ ಜನ ಅರ್ಥವಾದಂತೆ ತಲೆಯಾಡಿಸುತ್ತಾರೆ. ಆದರೆ ಜಮಖಂಡಿಯಲ್ಲಿ ನಾವು ಆಡುತ್ತಿದ್ದ ಕಲ್ಯಾಣ ಮಂಟಪಕ್ಕೆ ಈಗ ಹೊಸಬರು ಬರುತ್ತಿದ್ದಾರೆ. ಬೈಕಿನಿಂದ ಬಿದ್ದವರು, ಕಬ್ಬಿನ ಹೇರಿನ ಮೇಲಿಂದ ಜಾರಿದವರು, ಹೊಳೆಗೆ ತಲೆ ಕೆಳಗಾಗಿ ಹಾರಿದವರು. ಅವರು ನನ್ನನ್ನು ಕೇಳುವುದು ಕಪ್ಪಿನ ಬಗ್ಗೆ, ಪದಕದ ಬಗ್ಗೆ. ಆ ವಿಷಯದಲ್ಲಿ ನನ್ನ ಬುಟ್ಟಿ ಹೆಚ್ಚು ಕಡಿಮೆ ಖಾಲಿ. ಕೆಲಸ ಹೇಗಿತ್ತು ಎಂದು ಕೇಳಿದರೆ ಹೇಳಬಹುದು. ಮಧ್ಯಾಹ್ನ ಊಟವಾದ ಮೇಲೆ, ಪಕ್ಕದ ಮನೆಯ ವಿದ್ಯುತ್ ಮಗ್ಗದ ಸದ್ದಿಗೆ ಕಣ್ಣು ಅರ್ಧ ಮುಚ್ಚಿಕೊಂಡಾಗ ಯಾವುದು ಮೊದಲು ತೇಲಿ ಬರುತ್ತದೋ ಅದನ್ನೇ ಫೋನಿಗೆ ಹೇಳುತ್ತಿದ್ದೇನೆ. ಅದು ಮಗ್ಗದ ಸದ್ದನ್ನೂ ಮಾತೆಂದು ತಿಳಿದು ನಡುನಡುವೆ ಏನೇನೋ ಬರೆಯುತ್ತದೆ. ತಿದ್ದಿ ತಿದ್ದಿ ಸಾಕಾಗಿದೆ. ಅಲ್ಲಲ್ಲಿ ಏನಾದರೂ ಉಳಿದಿದ್ದರೆ ಅದು ಮಗ್ಗದ ಮಾತು ಎಂದುಕೊಳ್ಳಿ.

ಮೊದಲು ತೇಲಿ ಬರುವುದು ಯಾವಾಗಲೂ ಜೋಕಾಲಿಯೇ.

ಪಂಚಮಿ ಹಬ್ಬ. ಓಣಿಯ ಕೊನೆಯ ಬೇವಿನ ಮರಕ್ಕೆ ಹೊಸ ಹಗ್ಗ ಕಟ್ಟಿದ್ದರು. ನನಗೆ ಹತ್ತೊಂಬತ್ತು. ಗೆಳತಿಯೂ ನಾನೂ ಹಲಗೆಯ ಮೇಲೆ ಎದುರುಬದುರು ನಿಂತು ಜೀಕುತ್ತಿದ್ದೆವು. ಬಾಯಲ್ಲಿ ಶೇಂಗಾ ಉಂಡಿಯ ಚೂರು ಇನ್ನೂ ಕರಗಿರಲಿಲ್ಲ. ಮೇಲಕ್ಕೆ ಹೋದಾಗ ಸಾಲುಮನೆಗಳ ಮಾಳಿಗೆ ಕಾಣುತ್ತಿತ್ತು. ಮಾಳಿಗೆಯ ಮೇಲೆ ಒಣಹಾಕಿದ ನೂಲು, ಕೆಂಪು, ಹಸಿರು, ಕುಂಕುಮದ ಬಣ್ಣದ್ದು. ಅದರಾಚೆ ಕಬ್ಬು. ಕಬ್ಬಿಗೂ ಆಚೆ ಒಂದು ಬಿಳಿಯ ಗೆರೆ. ಅದು ಕೃಷ್ಣಾ ಹೊಳೆ ಎಂದು ಗೆಳತಿ ಅಂದಳು. ಅಲ್ಲ, ಮೋಡ ಎಂದು ನಾನು ಅಂದೆ. ಆ ಜಗಳ ಮುಗಿಯುವ ಮೊದಲೇ ನನ್ನ ಪಾದ ಹಲಗೆಯಿಂದ ಜಾರಿತು.

ಬಿದ್ದದ್ದು ನೆನಪಿಲ್ಲ. ನೆನಪಿರುವುದು ಅವ್ವನ ಮುಖ. ನನ್ನ ಮೇಲೆ ಬಾಗಿ, "ಕೈ ಎತ್ತು ಯವ್ವಾ, ಒಂದ ಸಲ ಕೈ ಎತ್ತು" ಎನ್ನುತ್ತಿದ್ದಳು. ನಾನು ಎತ್ತುತ್ತಿದ್ದೇನೆ ಎಂದೇ ತಿಳಿದಿದ್ದೆ. ಕೈ ನೆಲದ ಮೇಲೇ ಇತ್ತು. ಅದು ಏಳುವುದಿಲ್ಲ ಎಂದು ಗೊತ್ತಾದಾಗ ಅವ್ವನ ಮುಖ ಹೇಗಾಯಿತೆಂದು ಹೇಳಲು ನನಗೆ ಬರುವುದಿಲ್ಲ. ಆ ಮುಖವನ್ನು ನಾನು ಬದುಕಿನಲ್ಲಿ ಎರಡು ಸಲ ನೋಡಿದ್ದೇನೆ. ಎರಡನೆಯದನ್ನು ಆಮೇಲೆ ಹೇಳುತ್ತೇನೆ. ಇಂದಿಗೂ ನನ್ನ ಕನಸಿನಲ್ಲಿ ನಾನು ನಡೆಯುವುದಿಲ್ಲ. ಜೀಕುತ್ತೇನೆ, ಆ ಬಿಳಿಯ ಗೆರೆ ಹೊಳೆಯೋ ಮೋಡವೋ ಎಂದು ನೋಡಲು ಇನ್ನಷ್ಟು ಮೇಲಕ್ಕೆ ಹೋಗುತ್ತೇನೆ, ಅಷ್ಟರಲ್ಲಿ ಎಚ್ಚರವಾಗುತ್ತದೆ.

ಆರು ವರ್ಷ ಮನೆಯ ಕಿಟಕಿಯೇ ನನ್ನ ಊರಾಗಿತ್ತು. ಕುತ್ತಿಗೆ ಮುರಿದು ಕಾಲಿನ ಶಕ್ತಿ ಪೂರ್ತಿ ಹೋಗಿತ್ತು. ತೋಳು ಅಲುಗುತ್ತಿತ್ತು, ಮೊಣಕೈ ಮಡಚುತ್ತಿತ್ತು, ಅದರ ಕೆಳಗೆ ಏನೂ ಇಲ್ಲ. ಎಲ್ಲರೂ ನನ್ನನ್ನು ಗಾಜಿನ ಬಳೆಯಂತೆ ಎತ್ತಿ ಇಳಿಸುತ್ತಿದ್ದರು. ಒಮ್ಮೆ ಗಾಲಿಕುರ್ಚಿ ಕೊಡುವ ಶಿಬಿರವೊಂದಕ್ಕೆ ಅವ್ವ ಕರೆದುಕೊಂಡು ಹೋದಳು. ಅಲ್ಲಿ ಜಮಖಂಡಿಯ ಹಿರೇಮಠ ಸರ್ ಇದ್ದರು. ಶಾಲೆಯಲ್ಲಿ ಆಟದ ಮೇಷ್ಟ್ರಾಗಿ ನಿವೃತ್ತರಾದವರು, ಸುಮ್ಮನೆ ಕೂರಲು ಬಾರದವರು. ಸಾಲಿನಲ್ಲಿದ್ದ ನನ್ನನ್ನು ನೋಡಿದವರೇ, ಪಕ್ಕದಲ್ಲಿದ್ದ ಖಾಲಿ ಕುರ್ಚಿಯೊಂದನ್ನು ಜೋರಾಗಿ ತಳ್ಳಿ ಅಲ್ಲಿ ನನ್ನನ್ನು ಕೂರಿಸಿದ್ದ ಕುರ್ಚಿಗೆ ಢಿಕ್ಕಿ ಹೊಡೆಸಿದರು. ಸುತ್ತ ಇದ್ದ ಹೆಂಗಸರೆಲ್ಲ ಹೌಹಾರಿದರು. ನನಗೆ ನಗು ಬಂತು. ಆರು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಛೇಡಿಸಿರಲಿಲ್ಲ.

"ಹಾಂ, ಈಕಿ ಆಗ್ತಾಳ" ಎಂದರು ಸರ್, ತಾವು ಕಟ್ಟುತ್ತಿದ್ದ ರಗ್ಬಿ ತಂಡ ಎಂಥದೆಂದೂ ಹೇಳಿದರು.

"ಒಂದ ಸಲ ಬಿದ್ದದ್ದು ಸಾಲದೇನ್ರಿ ಸರ?" ಎಂದು ಅವ್ವ ಅವರ ಮೇಲೆಯೇ ಹೋದಳು. "ಗಂಡಸರ ಜೋಡಿ ಢಿಕ್ಕಿ ಹೊಡ್ಯಾಕ ಕಳಸೂದೇನ ನನ್ನ ಮಗಳನ್ನ?"

"ತಾಯಿ, ಈಕಿನ ಒಳಗ ಕುಂದ್ರಿಸಿ ಆರ ವರ್ಷ ಆತಲ್ಲ, ಏನ ಛಲೋ ಆತ ಹೇಳ್ರಿ."

ಮುಂದಿನ ವಾರ ಅವ್ವನೇ ನನ್ನನ್ನು ಜಮಖಂಡಿಗೆ ಕರೆದುಕೊಂಡು ಹೋದಳು. ಹಾಗೆ ನನ್ನ ಕೆಲಸ ಶುರುವಾಯಿತು.

ಈಗ ಆಟವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ಕಡೆಗೆ ನಾಲ್ವರು. ಚೆಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಎದುರಿನವರ ಗೆರೆ ದಾಟಿದರೆ ಒಂದು ಗೋಲು. ತಡೆಯುವವರು ಕುರ್ಚಿಗೆ ಕುರ್ಚಿ ಗುದ್ದಿ ತಡೆಯಬಹುದು. ಮೈ ಮುಟ್ಟುವಂತಿಲ್ಲ, ಕುರ್ಚಿಗೆ ಏನು ಬೇಕಾದರೂ ಮಾಡಬಹುದು. ಗಂಡಸರು ಹೆಂಗಸರು ಒಂದೇ ತಂಡದಲ್ಲಿ ಆಡುತ್ತಾರೆ. ಆಡುವ ಮೊದಲು ವೈದ್ಯರು ಕೂತು ಪ್ರತಿಯೊಬ್ಬರ ತೋಳು, ಮಣಿಕಟ್ಟು, ಬೆರಳು, ಬೆನ್ನು ಅಲುಗಿಸಿ ನೋಡಿ ಅಂಕ ಕೊಡುತ್ತಾರೆ. ಹೆಚ್ಚು ಅಲುಗುವವರಿಗೆ ಮೂರೂವರೆವರೆಗೆ, ತೀರ ಕಡಿಮೆ ಅಲುಗುವವರಿಗೆ ಅರ್ಧ. ಅಂಗಳದಲ್ಲಿರುವ ನಾಲ್ವರ ಅಂಕ ಕೂಡಿಸಿದರೆ ಎಂಟು ಮೀರಬಾರದು. ನಾಲ್ವರಲ್ಲಿ ಒಬ್ಬಳು ಹೆಂಗಸಿದ್ದರೆ ಎಂಟೂವರೆ. ನನಗೆ ಸಿಕ್ಕಿದ್ದು ಅರ್ಧ.

"ಪರೀಕ್ಷಾದಾಗ ಅರ್ಧ ಮಾರ್ಕು ತಗೊಂಡ ಬಂದಾಳ ನೋಡ್ರಿ" ಎಂದು ಅವ್ವ ಓಣಿಯವರ ಮುಂದೆ ಹೇಳಿಕೊಂಡಳು.

ಸರ್‌ಗೆ ಮಾತ್ರ ಹಿಗ್ಗೋ ಹಿಗ್ಗು. ನಾನು ಅರ್ಧದಲ್ಲಿ ಮುಗಿಸಿದರೆ, ಮತ್ತೆ ಹೆಂಗಸು ಬೇರೆ, ಉಳಿದ ಎಂಟನ್ನು ಮೂವರು ಗಟ್ಟಿಗರಿಗೆ ಹಂಚಬಹುದು. ಹಿಪ್ಪರಗಿಯ ಯಲ್ಲಪ್ಪನಿಗೆ ಮೂರು. ಮುಧೋಳದ ರಫೀಕನಿಗೆ ಮೂರು. ಬೀಳಗಿಯ ಶಿವಾನಂದನಿಗೆ ಎರಡು. ನಾನು ಅರ್ಧ. ಎಂಟೂವರೆ. ಹನ್ನೊಂದು ವರ್ಷ ಈ ಲೆಕ್ಕ ಅಲುಗಲಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ: ಮೂರು, ಮೂರು, ಎರಡು, ಅರ್ಧ.

ಯಲ್ಲಪ್ಪ ನನಗಿಂತ ನಾಲ್ಕು ವರ್ಷ ಚಿಕ್ಕವನು. ಹೊಳೆಯಲ್ಲಿ ನೀರು ಇಳಿದದ್ದು ಗೊತ್ತಾಗದೆ ಹಾರಿ ಕುತ್ತಿಗೆ ಮುರಿದುಕೊಂಡವನು. ಅವನ ಕೈಯಲ್ಲಿ ಕುರ್ಚಿ ಹೋಗುವುದನ್ನು ನೋಡುತ್ತಿದ್ದರೆ ಇವನು ನೀರಿನಲ್ಲೇ ಇದ್ದಾನೆ, ಇನ್ನೂ ಮೇಲಕ್ಕೆ ಬಂದಿಲ್ಲ ಅನಿಸುತ್ತಿತ್ತು. ಗೋಲು ಹೊಡೆಯುವವನು ಅವನು. ಅವನ ಹಾದಿ ಖುಲ್ಲಾ ಮಾಡುವವಳು ನಾನು. ನನ್ನ ಕುರ್ಚಿಯ ಮುಂದೆ ಕೊಕ್ಕೆಯಂಥ ಕಬ್ಬಿಣವಿತ್ತು. ಎದುರಿನವರ ಗಟ್ಟಿ ಆಟಗಾರನನ್ನು ಹುಡುಕಿ, ಅವನ ಗಾಲಿಗೆ ಅದನ್ನು ಸಿಕ್ಕಿಸಿ, ಸುಮ್ಮನೆ ಕೂರುವುದು ನನ್ನ ಕೆಲಸ. ಅವನು ಒದ್ದಾಡಿದಷ್ಟೂ ಸಿಕ್ಕು ಬಿಗಿಯುತ್ತದೆ. ಅತ್ತ ಯಲ್ಲಪ್ಪ ಗೆರೆ ದಾಟಿರುತ್ತಾನೆ. ಜನ ಅವನಿಗೆ ಚಪ್ಪಾಳೆ ತಟ್ಟುತ್ತಾರೆ. ನನ್ನ ಕೊಕ್ಕೆಯಲ್ಲಿ ಸಿಕ್ಕವನು ನನ್ನನ್ನು ಬೈಯುತ್ತಿರುತ್ತಾನೆ. ಆ ಬೈಗುಳವೇ ನನ್ನ ಚಪ್ಪಾಳೆ. ಹೊಸದಾಗಿ ಬಂದ ಅರ್ಧ ಅಂಕದವರು ಇದನ್ನು ನೆನಪಿಟ್ಟುಕೊಳ್ಳಿ, ಇಲ್ಲವಾದರೆ ಬೇಗ ಬೇಸರವಾಗುತ್ತದೆ.

ನನ್ನಲ್ಲಿ ಒಂದು ದೋಷವಿತ್ತು. ಆಟದ ನಡುವೆ ಎಲ್ಲಿಗೋ ಹೋಗಿಬಿಡುತ್ತಿದ್ದೆ. ಕುರ್ಚಿಗಳು ಗುದ್ದುವ ಸದ್ದು ಒಂದು ಲಯಕ್ಕೆ ಬಿದ್ದರೆ ನನಗೆ ಮನೆಯ ಮಗ್ಗ ಕೇಳಿಸುತ್ತಿತ್ತು, ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ಒಮ್ಮೆ ಹಾಗೆ ಮೈಮರೆತವಳು ಯಾರನ್ನೋ ಸಿಕ್ಕಿಸಿ ಭದ್ರವಾಗಿ ಹಿಡಿದುಕೊಂಡಿದ್ದೆ. ಸಮಾಧಾನವಾಗಿ ನೋಡಿದರೆ ಅವನು ಯಲ್ಲಪ್ಪ. ತೊಡೆಯ ಮೇಲೆ ಚೆಂಡು ಇಟ್ಟುಕೊಂಡು, "ಅಕ್ಕಾ, ನಾ ನಿಮ್ಮ ಕಡಿಯಾಂವ, ನಿಮ್ಮ ಕಡಿಯಾಂವ!" ಎಂದು ಕೂಗುತ್ತಿದ್ದ. ಆ ಪಂದ್ಯದ ಮಾತು ಇಲ್ಲಿಗೆ ಬಿಡೋಣ.

ಅಭ್ಯಾಸ ನಡೆಯುತ್ತಿದ್ದುದು ಜಮಖಂಡಿಯ ಆ ಕಲ್ಯಾಣ ಮಂಟಪದಲ್ಲಿ. ನುಣ್ಣನೆಯ ನೆಲ ಇದ್ದದ್ದು ಅಲ್ಲೇ. ಮದುವೆ ಇಲ್ಲದ ದಿನ ನಮ್ಮ ಆಟ. ಹಿಂದಿನ ದಿನದ ಅಕ್ಕಿಕಾಳು ಎಷ್ಟು ಗುಡಿಸಿದರೂ ಮೂಲೆಯಲ್ಲಿ ಉಳಿದಿರುತ್ತಿತ್ತು. ಮುಂದಿನ ಸಣ್ಣ ಗಾಲಿಗೆ ಒಂದು ಕಾಳು ಸಿಕ್ಕರೆ ಕುರ್ಚಿ ತಾನಾಗಿ ಗಿರ್ರನೆ ತಿರುಗುತ್ತಿತ್ತು. ಹೂವಿನ ವಾಸನೆ, ಹೋಮದ ಹೊಗೆಯ ವಾಸನೆ, ಅದರ ನಡುವೆ ನಾವು ನಾಲ್ವರು ತಿರುಗುತ್ತಿದ್ದೆವು. ಇಷ್ಟು ಮದುವೆಯ ಅಕ್ಷತೆ ತುಳಿದ ಹೆಣ್ಣು ಈ ಸೀಮೆಯಲ್ಲಿ ಇನ್ನೊಬ್ಬಳಿಲ್ಲ ಎಂದು ರಫೀಕ ಛೇಡಿಸುತ್ತಿದ್ದ. ನನಗೆ ಸಿಟ್ಟು ಬರುತ್ತಿರಲಿಲ್ಲ. ಆ ಮಧ್ಯಾಹ್ನಗಳಲ್ಲಿ ನಾನು ಸುಖವಾಗಿದ್ದೆ.

ನನ್ನ ಮೊದಲ ಆಟದ ಕುರ್ಚಿಯನ್ನು ಮುಧೋಳದ ಒಬ್ಬ ವೆಲ್ಡರ್ ಮಾಡಿದ್ದ. ಅವನ ಕೈ ಕಬ್ಬಿನ ಟ್ರೇಲರಿಗೆ ಪಳಗಿದ ಕೈ. ಮೊದಲ ಪಂದ್ಯದಲ್ಲಿ ರೆಫರಿ ಅಳತೆಪಟ್ಟಿ ಹಿಡಿದು ಸುತ್ತಲೂ ನೋಡಿ, ಇದಕ್ಕೆ ಟ್ರ್ಯಾಕ್ಟರ್ ಎಲ್ಲಿ ಎಂದು ಕೇಳಿದ. ಚೆಂಡು ಜಾರದಂತೆ ಕೈಗವಸಿಗೆ ಅಂಟು ಹಚ್ಚಬೇಕು. ಆಗ ನಮಗೆ ಆ ಅಂಟಿನ ಹೆಸರೂ ಗೊತ್ತಿರಲಿಲ್ಲ. ಬೆಲ್ಲದ ಗಾಣದಿಂದ ಕಾಕಂಬಿ, ಆ ಕಪ್ಪು ಅಂಟುಪಾಕ, ತಂದು ಹಚ್ಚಿಕೊಂಡೆವು. ಅಂಟೇನೋ ಅಂಟಿತು. ಅರ್ಧ ಗಂಟೆಗೆ ಇರುವೆಗಳೂ ಬಂದವು. ಬೆರಳಿಗೆ ಇರುವೆ ಕಚ್ಚಿದ್ದು ನಮಗೆ ತಿಳಿಯುವುದಿಲ್ಲವಲ್ಲ, ಮನೆಗೆ ಬಂದ ಮೇಲೆ ಅವ್ವ ನೋಡಿ ಹಣೆ ಚಚ್ಚಿಕೊಂಡಳು. ಈಗ ಹಗುರವಾದ ಕುರ್ಚಿ ಬಂದಿದೆ, ಡಬ್ಬಿಯಲ್ಲಿ ಅಂಟು ಬಂದಿದೆ. ಒಳ್ಳೆಯದೇ ಆಯಿತು.

ಗಂಜಿಯ ಪ್ರಸಂಗವನ್ನು ಹೇಳಲೇಬೇಕು. ನಮ್ಮಂಥವರಿಗೆ ಕುತ್ತಿಗೆಯ ಕೆಳಗೆ ಬೆವರು ಬರುವುದಿಲ್ಲ. ಮೈ ಕಾದರೆ ಕಾಯುತ್ತಲೇ ಹೋಗುತ್ತದೆ, ಕಣ್ಣು ಮಂಜಾಗುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಆಡುವಾಗ ಆಗಾಗ ಯಾರಾದರೂ ಮುಖಕ್ಕೆ, ಕುತ್ತಿಗೆಗೆ ನೀರು ಚಿಮುಕಿಸಲೇಬೇಕು. ನಮ್ಮ ಕಡೆಯ ಬೇಸಗೆಯಲ್ಲಂತೂ ನೀರಿನ ಬಾಟಲಿ ಇಲ್ಲದೆ ಆಟವಿಲ್ಲ. ಆ ಕೆಲಸವನ್ನು ಅವ್ವ ತಾನಾಗಿ ವಹಿಸಿಕೊಂಡಳು. ಮಗ್ಗದ ಹಾಸಿನ ಉದ್ದೆಳೆಗಳಿಗೆ ಗಂಜಿನೀರು ಸಿಂಪಡಿಸುವ ಬಾಟಲಿ ಅವಳ ಬಳಿ ಇತ್ತು. ಒಂದು ದಿನ ಬಸ್ಸಿನ ಗಡಿಬಿಡಿಯಲ್ಲಿ ಅದನ್ನು ತೊಳೆಯದೆ, ಒಳಗಿದ್ದ ಗಂಜಿಯ ಸಮೇತ ತಂದಳು. ಧಾರಾಳವಾಗಿ ಹೊಡೆದಳು. ಅಭ್ಯಾಸ ಮುಗಿಯುವ ಹೊತ್ತಿಗೆ ಯಲ್ಲಪ್ಪನ ಕೂದಲು ನೆಟ್ಟಗೆ ನಿಂತಿತ್ತು, ಹುಬ್ಬು ಬೆಳ್ಳಗಾಗಿತ್ತು, ಅಂಗಿ ಅವನು ಅಲುಗಿದಾಗೆಲ್ಲ ಕರಕರ ಎನ್ನುತ್ತಿತ್ತು.

"ಅಕ್ಕಾ" ಎಂದ, ತುಟಿ ಅಲುಗಿಸದೆ, "ನಿಮ್ಮವ್ವ ನನ್ನ ಮಗ್ಗಕ್ಕ ಏರ್ಸಾಕತ್ತಾಳ."

ಹಿರೇಮಠ ಸರ್ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ಇನ್ನು ಅವ್ವ ಮತ್ತು ಎಳೆಯ ವಿಷಯ. ಬೀಳುವ ಮೊದಲು ನಮ್ಮ ಮನೆಯಲ್ಲಿ ಕಡಿದ ಎಳೆ ಕೂಡಿಸುವುದರಲ್ಲಿ ನನ್ನದೇ ಚುರುಕು ಕೈ. ನೇಕಾರರ ಗಂಟು ಒಂದಿದೆ, ಸಾಸಿವೆ ಕಾಳಿಗಿಂತ ಸಣ್ಣದು. ಹೆಬ್ಬೆರಳ ಮೇಲೆ ಎರಡು ತುದಿ ದಾಟಿಸಿ, ಒಂದು ಸುತ್ತು ತಂದು ಎಳೆದರೆ ಮುಗಿಯಿತು. ನಾನು ಆಟಕ್ಕೆ ಸೇರಿದ ವರ್ಷದಿಂದ ಅವ್ವ ದಿನಾ ಮಧ್ಯಾಹ್ನ ಊಟವಾದ ಮೇಲೆ ಎರಡು ಎಳೆ ತಂದು ನನ್ನ ಮುಂದೆ ಹಿಡಿಯುತ್ತಿದ್ದಳು.

"ಕೂಡಸು."

ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದೆ. ಇನ್ನೊಂದು ಬೆರಳ ಸಂದಿಯಿಂದ ಜಾರಿ ಬೀಳುತ್ತಿತ್ತು. ಬೆರಳಿನ ಶಕ್ತಿ ಹೋದವರು ಕಲಿಯುವ ಒಂದು ಉಪಾಯವಿದೆ. ಮಣಿಕಟ್ಟನ್ನು ಮೇಲಕ್ಕೆ ಎತ್ತಿದರೆ ಬೆರಳು ತಾವಾಗಿ ಒಳಕ್ಕೆ ಮಡಚಿಕೊಳ್ಳುತ್ತವೆ, ಸಣ್ಣ ಸಾಮಾನು ಹಿಡಿಯಬಹುದು. ನನಗೆ ಆ ಮಣಿಕಟ್ಟೇ ಏಳುತ್ತಿರಲಿಲ್ಲ. ಒಂದಷ್ಟು ಹೊತ್ತು ನೋಡಿ ಅವ್ವ ತಾನೇ ಗಂಟು ಹಾಕಿ ಎದ್ದು ಹೋಗುತ್ತಿದ್ದಳು. ಬೈಯುತ್ತಿರಲಿಲ್ಲ, ಸಮಾಧಾನವನ್ನೂ ಹೇಳುತ್ತಿರಲಿಲ್ಲ. ಮರುದಿನ ಮತ್ತೆ ಎರಡು ಎಳೆ. ಹನ್ನೊಂದು ವರ್ಷ ಹೀಗೆ ನಡೆಯಿತು. ನನಗೆ ಎಷ್ಟೋ ಸಲ ರೇಗಿದೆ. "ಸಾಕ ಬಿಡ ಬೇ, ನನ್ನ ಕೈ ಸತ್ತೈತಿ" ಎಂದಿದ್ದೇನೆ. ಅವ್ವ ಕೇಳಿಸದವಳಂತೆ ಎಳೆ ಹಿಡಿದುಕೊಂಡೇ ಇರುತ್ತಿದ್ದಳು.

ಮಣಿಕಟ್ಟು ಯಾವಾಗ ಎದ್ದಿತೋ ನನಗೇ ಗೊತ್ತಿಲ್ಲ. ಗಾಲಿ ನೂಕಿ ನೂಕಿ ಬಂತೋ, ಎಳೆ ಹಿಡಿದು ಹಿಡಿದು ಬಂತೋ. ಒಂದು ಮಧ್ಯಾಹ್ನ ಅರೆನಿದ್ದೆಯಲ್ಲಿದ್ದೆ. ಅವ್ವ ಎಳೆ ಹಿಡಿದಳು. ನಾನು ಕಣ್ಣು ಪೂರ್ತಿ ತೆರೆಯದೆ ತುದಿ ಕಚ್ಚಿಕೊಂಡೆ, ಕೈ ಎತ್ತಿದೆ, ಬೆರಳು ಮಡಚಿತು, ಒಂದು ಸುತ್ತು ತಂದು ಎಳೆದೆ. ಎಳೆ ಜಾರಲಿಲ್ಲ. ಅವ್ವ ಎರಡೂ ಕಡೆ ಹಿಡಿದು ಜಗ್ಗಿದಳು. ಗಂಟು ನಿಂತಿತು.

ಅವ್ವ ಎದ್ದು ಹೋಗಿ ಆ ಎಳೆಯನ್ನು ಮಗ್ಗದ ಹಾಸಿನ ಎಳೆಗಳಿಗೆ ಸೇರಿಸಿ ನೇಯಲು ಕೂತಳು. ಗಂಟು ಬಟ್ಟೆಯೊಳಗೆ ಹೋಯಿತು. ಒಳ್ಳೆಯ ಗಂಟು ಬಟ್ಟೆಯಲ್ಲಿ ಕಾಣುವುದಿಲ್ಲ. ಒಂದು ಗೇಣು ನೇಯ್ದ ಮೇಲೆ ಮಗ್ಗ ನಿಲ್ಲಿಸಿ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆಮೇಲೆ ಓಣಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಮಗಳು ಗಂಟು ಹಾಕಿದಳು ಎಂದು ಹೇಳುತ್ತ ಹೋದಳು. ನೇಕಾರರ ಓಣಿಯಲ್ಲಿ ಗಂಟು ಹಾಕಿದ್ದಕ್ಕೆ ಸಕ್ಕರೆ ಹಂಚಿದವಳು ಅವಳೊಬ್ಬಳೇ ಇರಬೇಕು.

ಮರುದಿನ ಮಂಟಪದಲ್ಲಿ ನಾನು ಕೈ ಎತ್ತಿ ತೋರಿಸಿದೆ. ರಫೀಕ ಸೀಟಿ ಹೊಡೆದ. ಶಿವಾನಂದ ಕುರ್ಚಿಯಲ್ಲೇ ಕುಣಿದ. ಯಲ್ಲಪ್ಪ ಮಾತ್ರ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದ.

"ಅಕ್ಕಾ, ಮುಂದಿನ ತಿಂಗಳ ಹುಬ್ಬಳ್ಳಿಯಾಗ ಡಾಕ್ಟರ್ ಮತ್ತ ನೋಡ್ತಾರ" ಎಂದ. "ಇದನ್ನ ನೋಡಿದ್ರ ನಿನಗ ಒಂದ ಕೊಡ್ತಾರ. ಕೂಡಸು. ಒಂಬತ್ತ ಆಗ್ತೈತಿ."

ಶಿವಾನಂದ ಕುಣಿಯುವುದನ್ನು ನಿಲ್ಲಿಸಿದ. ಮೂರು, ಮೂರು, ಎರಡು, ಒಂದು. ಒಂಬತ್ತು.

ಹುಬ್ಬಳ್ಳಿಯದು ದೊಡ್ಡ ಪಂದ್ಯಾವಳಿ, ಹೊರರಾಜ್ಯದ ತಂಡಗಳು ಬರುವಂಥದ್ದು. ಯಲ್ಲಪ್ಪನ ಭುಜ ಸವೆದಿತ್ತು, ಇದಾದ ಮೇಲೆ ಆಡಕೂಡದೆಂದು ವೈದ್ಯರು ಹೇಳಿಬಿಟ್ಟಿದ್ದರು. ಇದೇ ಅವನ ಕೊನೆಯ ಆಟ. ನನ್ನದೂ ಹಾಗೆಯೇ ಆಗುವುದರಲ್ಲಿತ್ತು. ಅರ್ಧ ಅಂಕಕ್ಕೆ ನನ್ನಂಥವರು ಸಿಗುವುದು ಕಷ್ಟ. ಒಂದು ಅಂಕಕ್ಕೆ ನನಗಿಂತ ಚುರುಕಾದವರು ತಂಡದಲ್ಲೇ ಇಬ್ಬರು ಕಾಯುತ್ತ ಕೂತಿದ್ದರು. ಕೈಗೆ ಜೀವ ಬಂದರೆ ಕುರ್ಚಿ ಹೋಗುತ್ತದೆ. ಕುರ್ಚಿ ಹೋದರೆ ನಾನು ಎಲ್ಲಿಗೆ ಹೋಗಲಿ? ಮತ್ತೆ ಆ ಕಿಟಕಿಗೆ.

ಹೊರಡುವಾಗ ಸರ್ ನನ್ನ ಕುರ್ಚಿಯ ಹತ್ತಿರ ಬಂದರು. ನನ್ನ ಮುಖ ನೋಡದೆ ಹೇಳಿದರು. "ಕಸ್ತೂರಿ, ಡಾಕ್ಟರ್ ಮುಂದ ಭಾಳ ಬಿಗಿ ಮಾಡಬ್ಯಾಡವಾ. ಕೈ ಹಗುರ ಬಿಡು. ಅಷ್ಟ."

ಅವರು ನನ್ನ ಗುರು. ಅವರು ಹೇಳಿದ್ದು ತಪ್ಪು. ಎರಡೂ ನಿಜ. "ಆತ್ರಿ ಸರ" ಎಂದೆ ನಾನು, ಅದು ನನ್ನ ತಪ್ಪು. ಅವ್ವನಿಗೆ ಮಾತ್ರ ಇದಾವುದನ್ನೂ ಹೇಳಲಿಲ್ಲ. ಹೇಳುವ ಧೈರ್ಯ ಇರಲಿಲ್ಲ.

ಹುಬ್ಬಳ್ಳಿಯ ಆ ಕೋಣೆಯಲ್ಲಿ ಉದ್ದನೆಯ ಮೇಜು, ಬಿಳಿ ಹಾಸು. ನಾನು ಕೂತಲ್ಲಿ ವಾಲದಂತೆ ಹಿಡಿದುಕೊಳ್ಳಲು ಅವ್ವ ಹಿಂದೆ ನಿಂತಿದ್ದಳು. ವೈದ್ಯೆ ಮೈಸೂರು ಕಡೆಯವರು, ಮೆತ್ತನೆಯ ಮಾತು. ಭುಜ ನೋಡಿದರು, ಮೊಣಕೈ ನೋಡಿದರು.

"ಈಗ ಮಣಿಕಟ್ಟು ಮೇಲಕ್ಕೆ ಎತ್ತಿ. ನಾನು ಮೇಲಿಂದ ತಡೀತೀನಿ."

ನಾನು ಕೈಯನ್ನು ಹಗುರ ಬಿಟ್ಟೆ. ಅದು ತೂಗಿತು.

"ಸ್ವಲ್ಪಾನೂ ಆಗಲ್ವಾ?"

"ಇಲ್ಲರಿ."

ಅವರು ಬರೆದುಕೊಳ್ಳಲು ಪೆನ್ನು ಎತ್ತಿಕೊಂಡರು. ಅಷ್ಟರಲ್ಲಿ ಅವ್ವ ಒಂದು ಕೈಯಲ್ಲಿ ನನ್ನ ಭುಜ ಹಿಡಿದುಕೊಂಡೇ ಮುಂದಕ್ಕೆ ಬಾಗಿ ನನ್ನ ಕೈ ನೋಡಿದಳು. ಅವಳಿಗೆ ಲೆಕ್ಕ ಗೊತ್ತಿಲ್ಲ, ಎಂಟೂವರೆ ಗೊತ್ತಿಲ್ಲ. ಬಂದ ಕೈ ಮತ್ತೆ ಹೋಯಿತು ಎಂದೇ ಅವಳು ತಿಳಿದಳು.

"ಯಾಕ ಬೇ? ಮೊನ್ನಿ ಎತ್ತಿದ್ದೆಲ್ಲಾ. ಎತ್ತು ಯವ್ವಾ, ಒಂದ ಸಲ ಕೈ ಎತ್ತು."

ಅದೇ ಮಾತು. ಅದೇ ಮುಖ. ಬೇವಿನ ಮರದ ಕೆಳಗೆ ನನ್ನ ಮೇಲೆ ಬಾಗಿದ್ದ ಮುಖ, ಈಗ ಕೂದಲು ಬೆಳ್ಳಗಾಗಿತ್ತು, ಅಷ್ಟೇ ವ್ಯತ್ಯಾಸ. ಅಂದು ಆ ಮುಖಕ್ಕೆ ನಾನು ಕಾರಣಳಲ್ಲ. ಇಂದು ನಾನೇ. ಹನ್ನೊಂದು ವರ್ಷದ ಅಷ್ಟೂ ಮಧ್ಯಾಹ್ನಗಳನ್ನು ನಾನು ಒಂದೇ ಮಾತಿನಲ್ಲಿ ಇಲ್ಲ ಎಂದುಬಿಟ್ಟಿದ್ದೆ.

ನಾನು ಕೈ ಎತ್ತಿದೆ. ಎಷ್ಟು ಆಗುತ್ತದೋ ಅಷ್ಟೂ ಎತ್ತಿದೆ.

ವೈದ್ಯೆ ಪೆನ್ನು ಕೆಳಗಿಟ್ಟು ನನ್ನ ಮಣಿಕಟ್ಟನ್ನು ಒತ್ತಿ ನೋಡಿ, "ಮತ್ತೆ ಆಗಲೇ ಯಾಕೆ ಎತ್ತಲಿಲ್ಲ?" ಎಂದರು.

"ಸುಳ್ಳ ಹೇಳಿದ್ನಿರಿ" ಎಂದೆ.

ಅವ್ವನಿಗೆ ಅದು ಕೇಳಿಸಿತೋ ಇಲ್ಲವೋ. ನನ್ನನ್ನು ಮೈಗೆ ಆನಿಸಿಕೊಂಡು, ಬಳೆಗೆ ಸುತ್ತಿಕೊಂಡಿದ್ದ ಎಳೆ ಬಿಚ್ಚಿ, ಹಲ್ಲಿನಿಂದ ಎರಡು ತುಂಡು ಮಾಡಿ, "ನೋಡ್ರಿ ಬಾಯಾರ, ಗಂಟ ಹಾಕ್ತಾಳ ನನ್ನ ಮಗಳು" ಎಂದು ನನ್ನ ಮುಂದೆ ಹಿಡಿದಳು. ಹಾಕಿದೆ. ವೈದ್ಯೆ ಎಳೆಯನ್ನು ಬೆಳಕಿಗೆ ಹಿಡಿದು ಗಂಟು ಹುಡುಕಿದರು. ಅದು ಅವರ ಕಣ್ಣಿಗೆ ಬೀಳಲಿಲ್ಲ. ಎಳೆಯನ್ನು ಮೇಜಿನ ಮೇಲೆ ಇಟ್ಟರು.

"ಕೊನೆಗೆ ಎತ್ತಿದ್ರಲ್ಲ" ಎಂದರು. ಕಾಗದದ ಮೇಲೆ ಒಂದು ಎಂದು ಬರೆದರು.

ಹೊರಗೆ ಬಂದಾಗ ತಂಡದವರೆಲ್ಲ ಬಾಗಿಲಲ್ಲೇ ಇದ್ದರು. ಅವ್ವ ನನಗಿಂತ ಮುಂದೆ ಹೋಗಿ, "ಅರ್ಧ ಇದ್ದದ್ದು ಒಂದ ಆತ್ರೀ ಸರ!" ಎಂದು ಕೂಗಿದಳು. ಸರ್ ನನ್ನ ಕಡೆ ನೋಡಿ, ಅವ್ವನ ಕಡೆ ನೋಡಿ, "ಭಾಳ ಛಲೋ ಆತ್ರಿ ತಾಯಿ" ಎಂದು ಕೈಮುಗಿದರು. ಅವರ ಮೇಲಿನ ಸಿಟ್ಟು ನನಗೆ ಅಲ್ಲಿಗೇ ಮುಗಿಯಿತು. ಯಲ್ಲಪ್ಪ ಕುರ್ಚಿ ತಿರುಗಿಸಿಕೊಂಡು ಹೋದ.

ಎರಡರ ಶಿವಾನಂದ ಹೊರಗೆ ಕೂತ, ನಾನೂ ಹೊರಗೆ ಕೂತೆ. ನಮ್ಮ ಜಾಗಕ್ಕೆ ಒಂದೊಂದು ಅಂಕದ ಇಬ್ಬರು ಬಂದರು. ಮೂರು, ಮೂರು, ಒಂದು, ಒಂದು. ಎಂಟು. ಹೇಗೋ ಸೆಮಿಫೈನಲ್ ತನಕ ಬಂದೆವು. ಮೊದಲೇ ಹೇಳಿಬಿಡುತ್ತೇನೆ, ಆ ಪಂದ್ಯವನ್ನು ನಾವು ಒಂದು ಗೋಲಿನಿಂದ ಸೋತೆವು. ಆಮೇಲೆ ಮೂರು ವರ್ಷ ನಾನು ಒಂದು ಅಂಕದವಳಾಗಿ ಆಗೀಗ ಆಡಿದೆ, ಬಹಳ ಹೊತ್ತು ಹೊರಗೇ ಕೂತೆ, ಎರಡು ಸಲ ಚೆಂಡು ನನ್ನ ಕೈಗೂ ಬಂತು. ಆ ಕಿಟಕಿಗೆ ಮತ್ತೆ ಹೋಗಲಿಲ್ಲ. ಆದರೆ ನಿಮಗೆ ಹೇಳಬೇಕಾದದ್ದು ಆ ಸೆಮಿಫೈನಲಿನ ಕೊನೆಯ ವಿರಾಮದ ಮಾತು. ಮಧ್ಯಾಹ್ನ ಕಣ್ಣು ಮುಚ್ಚಿದಾಗ ಜೋಕಾಲಿಯ ನಂತರ ತೇಲಿ ಬರುವುದು ಅದೇ.

ಹೊರಗೆ ಬಿಸಿಲು ಸುಡುತ್ತಿತ್ತು. ಒಳಗೆ ಗಾಳಿಯಿರಲಿಲ್ಲ. ರಫೀಕನ ಗಾಲಿ ಪಂಕ್ಚರ್ ಆಗಿ ಆಟ ನಿಂತಿತು. ಸರ್, ಶಿವಾನಂದ, ಸಹಾಯಕರು ಎಲ್ಲರೂ ಆ ಗಾಲಿಯ ಸುತ್ತ. ಅವ್ವ ನೀರು ತುಂಬಿಕೊಂಡು ಬರಲು ಎರಡನೆಯ ಬಾಟಲಿ ಹಿಡಿದು ಹೋಗಿದ್ದಳು, ಮೊದಲನೆಯದು ನನ್ನ ತೊಡೆಯ ಮೇಲಿತ್ತು. ಯಲ್ಲಪ್ಪ ನಾನು ಕೂತಿದ್ದ ಅಂಚಿನ ಗೆರೆಯ ಹತ್ತಿರ ಬಂದು ನಿಂತ. ಎರಡು ದಿನದಿಂದ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗಲೂ ನನ್ನ ಕಡೆ ನೋಡಲಿಲ್ಲ. ಅವನ ಮುಖ ಕೆಂಪಾಗಿತ್ತು, ಕಣ್ಣು ಮಂಜಾಗುತ್ತಿತ್ತು. ನೀರು, ನೀರು ಎಂದು ಅತ್ತಿತ್ತ ನೋಡಿದ. ಹತ್ತಿರ ಯಾರೂ ಇರಲಿಲ್ಲ.

ಹನ್ನೊಂದು ವರ್ಷದಲ್ಲಿ ನಾನು ಯಾರಿಗೂ ನೀರು ಹೊಡೆದವಳಲ್ಲ. ಹೊಡೆಸಿಕೊಂಡವಳು. ಬಲಗೈಯ ಮಣಿಕಟ್ಟು ಎತ್ತಿದೆ. ಬೆರಳು ಬಾಟಲಿಯ ಕುತ್ತಿಗೆಯ ಸುತ್ತ ಮಡಚಿಕೊಂಡವು. ಎಡಗೈಯ ಅಂಗೈಯಿಂದ ಅದರ ಗುಂಡಿ ಒತ್ತಿದೆ. ಮೊದಲ ಸಲ ನೀರು ಅವನ ಮೊಣಕಾಲಿಗೆ ಬಿತ್ತು. ಎರಡನೆಯ ಸಲ ಮುಖಕ್ಕೆ. ಅವನು ಕಣ್ಣು ಮುಚ್ಚಿದ. ಮತ್ತೆ ಒತ್ತಿದೆ, ಹಣೆಗೆ, ಕುತ್ತಿಗೆಗೆ, ಕಿವಿಯ ಹಿಂದೆ. ಅವನ ಉಸಿರು ನಿಧಾನವಾಯಿತು. ಕಣ್ಣು ತೆರೆದು ಮೊದಲು ಬಾಟಲಿ ನೋಡಿದ. ಆಮೇಲೆ ಅದನ್ನು ಹಿಡಿದಿದ್ದ ಕೈ ನೋಡಿದ. ಹುಬ್ಬಿನ ಮೇಲಿನ ನೀರನ್ನು ತೋಳಿನಿಂದ ಒರೆಸಿಕೊಂಡ.

"ಅಕ್ಕಾ" ಎಂದ ಕೊನೆಗೆ, "ಇದರಾಗ ಗಂಜಿ ಹಾಕಿಲ್ಲಲ್ಲ ನಿಮ್ಮವ್ವ?"

"ಬರೇ ನೀರ ಐತೋ, ಖೋಡಿ" ಎಂದೆ.

"ಹಂಗಾರ ಇನ್ನೊಂದ ಸಲ ಹೊಡಿ" ಎಂದು ಅವನು ನನ್ನ ಕಡೆಗೆ ಮುಖ ಒಡ್ಡಿದ.